ಈ ಶಬಾನಾ ಯಾವಾಕಿ?

ಭಾನುವಾರ, ಬೆಳಿಗ್ಗೆ 10.20. ಆಳಂದದ ಮನೆಯಲ್ಲಿ ಅಮ್ಮನ ಅಕ್ಕ ರಜಿಯಾ ಖಾಲಾಗೆ ನನ್ನ ಇಂಗ್ಲಿಷ್ ಕಥೆಯನ್ನು ಕನ್ನಡದಲ್ಲಿ ಹೇಳಿ ಮುಗಿಸಿದೆ. ನನ್ನ ಇಂಗ್ಲಿಷ್ ಎಂ.ಎ.ಯಲ್ಲಿ ಕಥೆ ಬರೆಯುವುದೂ ಒಂದು ವಿಷಯ, ಮರುದಿನವೇ ಒಪ್ಪಿಸಬೇಕಿತ್ತು. ನಿಕಾಹ್‌ನಲ್ಲಿ ಖಾಜಿ ಕೇಳಿದಾಗ ‘ಒಲ್ಲೆ’ ಎಂದು ಗಂಡಿನ ಕಡೆಯವರನ್ನು ವಾಪಸ್ ಕಳಿಸಿದ ಹುಡುಗಿಯ ಕಥೆ. ಆ ಹುಡುಗಿ ಖಾಲಾ. ಅಧ್ಯಾಪಕರು ಹೇಳಿಕೊಟ್ಟಂತೆ ಹೆಸರು ಬದಲಿಸಿದ್ದೆ.

“ಒಲ್ಲೆ ಅಂದಾಕಿ ನಾನು, ಬೈಸಿಕೊಂಡಾಕಿ ನಾನು. ಈ ಶಬಾನಾ ಯಾವಾಕಿ ಬೇ?”

“ನಿಮ್ಮ ಹೆಸರ ಕೆಡಬಾರ್ದಂತ ರೀ ಖಾಲಾ.”

“ಕೆಡೋದು ಅವತ್ತೇ ಕೆಟ್ಟದ. ನನ್ನ ಹೆಸರ ಹಾಕು, ಇಲ್ಲಾಂದ್ರ ಹರಿದು ಒಗಿ.”

ಖಾಲಾ ಹೆಸರನ್ನೇ ಹಾಕಿ ಎಂಟೂ ಪುಟ ಮತ್ತೆ ಬರೆದೆ. ಸೋಮವಾರ ಅಧ್ಯಾಪಕರು, ನಿಜವಾದ ವ್ಯಕ್ತಿಗಳ ಹೆಸರು ಇಡಬಾರದೆಂದು ಕಥೆಯನ್ನೇ ಹಿಂದಿರುಗಿಸಿದರು. ಆ ವ್ಯಕ್ತಿಯೇ ಕೇಳಿಕೊಂಡರೂ ಇಡಬಾರದೇ? ಬಲ್ಲವರು ದಯವಿಟ್ಟು ಬರೆಯಿರಿ. ಖಾಲಾಗೆ ಇನ್ನೂ ನಾನು ಏನೂ ಹೇಳಿಲ್ಲ.