ತೊಳೆಯದೆ ಬಿಟ್ಟ ಎಂಜಿನ್

ಗಾಡಿಯ ಬಾನೆಟ್ ಎತ್ತಿದರೆ ಎಲ್ಲ ಮಿಸ್ತ್ರಿಗಳೂ ಮೊದಲು ಎಂಜಿನ್ ನೋಡುತ್ತಾರೆ. ನಮ್ಮಣ್ಣ ಗುರಪ್ಪ ಮಾಲೀಕನನ್ನು ನೋಡುತ್ತಿದ್ದ. ಚಪ್ಪಲಿಯಿಂದ ಶುರುಮಾಡಿ ನೆತ್ತಿಯವರೆಗೆ ಒಂದು ಸಲ ನೋಡಿ, ಬಾಯಲ್ಲಿದ್ದ ತಂಬಾಕನ್ನು ಪಕ್ಕಕ್ಕೆ ಉಗುಳಿ, "ನೀನ ಏನ್ಲೇ ಇದನ್ನ ಕೊಂದಾಂವಾ?" ಎನ್ನುತ್ತಿದ್ದ. ಬಂದವನು ಹೊಲದ ಆಳಾಗಲಿ, ಊರಿಗೆಲ್ಲ ಬೇಕಾದ ಗೌಡನಾಗಲಿ, ಅವನಿಗೆ ಸಿಗುತ್ತಿದ್ದ ಸ್ವಾಗತ ಇದೇ. ಆಮೇಲೆ ಎಂಜಿನ್ನಿನ ಕಡೆ ತಿರುಗಿದಾಗ ಅವನ ಮುಖ ಸ್ವಲ್ಪ ಮೆತ್ತಗಾಗುತ್ತಿತ್ತು. ಹೆಂಡತಿ, ತಮ್ಮ, ಗಿರಾಕಿ ಯಾರಿಗೂ ಸಿಗದ ಆ ಮುಖ ಕಬ್ಬಿಣಕ್ಕೆ ಮಾತ್ರ ಸಿಗುತ್ತಿತ್ತು.

ಬಬಲೇಶ್ವರದ ಬಸ್ ಸ್ಟ್ಯಾಂಡ್ ದಾಟಿದ ಮೇಲೆ ರಸ್ತೆ ಬದಿಗೆ ಅವನ ತಗಡಿನ ಶೆಡ್ ಇತ್ತು. ಅಲ್ಲಿ ಎಂಜಿನ್ ಕಟ್ಟುವ ಕೆಲಸ ಬಿಟ್ಟು ಬೇರೆ ಏನೂ ನಡೆಯುತ್ತಿರಲಿಲ್ಲ. ಸವೆದ ಎಂಜಿನ್ ಬಿಚ್ಚುವುದು, ಹೊಸ ಪಿಸ್ಟನ್, ಅದು ಆಡುವ ಲೈನರ್ ಕೊಳವೆ ಕೂರಿಸುವುದು, ಮತ್ತೆ ಜೋಡಿಸುವುದು. ಬ್ರೇಕ್ ಹಿಡಿಯುತ್ತಿಲ್ಲ ಎಂದು ಯಾರಾದರೂ ಬಂದರೆ, "ಬ್ರೇಕ್ ಮಾಡಾಕ ಊರಾಗ ಮಂದಿಗೇನ್ ಬರ ಇಲ್ಲ, ಅಲ್ಲಿ ಹೋಗಿ ನಿಲ್ಲು" ಎಂದು ಅಟ್ಟುತ್ತಿದ್ದ. ಕೆಲಸವೋ ಬಹಳ ನಿಧಾನ. ಹೇಳಿದ ದಿನಕ್ಕೆ ಗಾಡಿ ಕೊಟ್ಟವನೇ ಅಲ್ಲ. ಕೇಳಿದರೆ, "ಅವಸರ ಇದ್ರ ವಿಜಯಪುರಕ್ಕ ಹೋಗಿ ರೆಡಿ ಎಂಜಿನ್ ಹಾಕ್ಕೊಳಪ್ಪಾ. ಎಂಜಿನ್ ಬದಲಿ ಆಗ್ತೈತಿ, ಗಾಡಿ ಹೊಡಿಯೂ ಕತ್ತೆ ಮಾತ್ರ ಅದ ಇರ್ತೈತಿ" ಎನ್ನುತ್ತಿದ್ದ.

ಮನೆಯಲ್ಲೂ ಅದೇ ಬಾಯಿ. ಒಮ್ಮೆ ಊಟಕ್ಕೆ ಕೂತಾಗ ರೊಟ್ಟಿ ಎತ್ತಿ ಬೆಳಕಿಗೆ ಹಿಡಿದು, "ಇದು ರೊಟ್ಟಿ ಏನ, ಗ್ಯಾಸ್ಕೆಟ್?" ಎಂದ. ಅವನ ಹೆಂಡತಿ, ನಮ್ಮ ವೈನಿ, ಒಲೆಯ ಮುಂದಿನಿಂದ ತಲೆ ಎತ್ತದೆ, "ಗ್ಯಾಸ್ಕೆಟ್ ಅಂತನ ತಿಳ್ಕೊಂಡ ಬಾಯಾಗ ಇಟ್ಕೋರಿ. ಸೋರೂದರ ನಿಲ್ತೈತಿ" ಎಂದಳು. ನಾನು ನಕ್ಕುಬಿಟ್ಟೆ. ಅಣ್ಣ ನಗಲಿಲ್ಲ, ಆದರೆ ರೊಟ್ಟಿ ಪೂರ್ತಿ ತಿಂದ.

ಅವನ ಶೆಡ್ಡಿನಲ್ಲಿ ಒಂದು ಕಟ್ಟಳೆ ಇತ್ತು. ಎಂಜಿನ್ ಬಿಚ್ಚಿದ ಮೇಲೆ ಅದರ ಸಾಮಾನನ್ನೆಲ್ಲ ಡೀಸೆಲ್ ತುಂಬಿದ ದೊಡ್ಡ ಪರಾತದಲ್ಲಿ ತೊಳೆಯಬೇಕು. ಬೇರೆ ಕಡೆ ಅದನ್ನು ಕೆಲಸದವರು ಮಾಡುತ್ತಾರೆ. ಅಣ್ಣನ ಶೆಡ್ಡಿನಲ್ಲಿ ಗಾಡಿ ಓಡಿಸಿದವನೇ ಕೂತು ತೊಳೆಯಬೇಕು. "ಕೆಡಿಸಿದಾಂವಾ ನೀನು, ತೊಳಿಯಾಂವಾನೂ ನೀನ" ಎಂದು ಪರಾತವನ್ನು ಕಾಲಿನಿಂದ ಅವನ ಮುಂದೆ ದೂಡುತ್ತಿದ್ದ. ಕರಿ ಎಣ್ಣೆಯೊಳಗೆ ಕೈ ಅದ್ದಿ ಒಂದೊಂದನ್ನೇ ಉಜ್ಜುವಾಗ ಎಲ್ಲಿ ಗೀರು ಬಿದ್ದಿದೆ, ಎಲ್ಲಿ ಸುಟ್ಟಿದೆ, ಎಲ್ಲಿ ಮಣ್ಣು ಹೋಗಿದೆ ಎಂದು ಓಡಿಸಿದವನ ಬೆರಳಿಗೇ ಗೊತ್ತಾಗುತ್ತಿತ್ತು. ಹೋಗಿಬರುವವರು ನಿಂತು ನೋಡುತ್ತಿದ್ದರು. ಅದೂ ಅಣ್ಣನಿಗೆ ಬೇಕಾಗಿತ್ತು.

ತಿಕೋಟಾ ಕಡೆಯ ದ್ರಾಕ್ಷಿ ತೋಟದ ಸಾಹುಕಾರರೊಬ್ಬರು ಟ್ರ್ಯಾಕ್ಟರ್ ತಂದು ಬಿಟ್ಟಿದ್ದರು. ತೊಳೆಯುವ ದಿನ ಆಳನ್ನು ಕಳಿಸಿದರು. ಅಣ್ಣ ಆಳಿಗೆ ಚಹಾ ತರಿಸಿಕೊಟ್ಟು, "ಟ್ರ್ಯಾಕ್ಟರ್ ಹೊಡಿಯಾಂವಾ ನೀನೇನು?" ಎಂದು ಕೇಳಿದ. "ಇಲ್ರಿ, ಸಾವ್ಕಾರ್ರ ಮಗಾ ಹೊಡೀತಾರ್ರಿ" ಎಂದ ಅವನು. "ಹಂಗಾರ ಚಾ ಕುಡ್ದು ಹೋಗಿ ಅವನ್ನ ಕಳ್ಸು." ಬಿಚ್ಚಿದ ಟ್ರ್ಯಾಕ್ಟರ್ ಹಾಗೇ ಬಿದ್ದಿತ್ತು, ತೋಟಕ್ಕೆ ಔಷಧಿ ಹೊಡೆಯುವ ಸಮಯ ಮೀರುತ್ತಿತ್ತು. ಕೊನೆಗೆ ಮಗ ಬಂದ. ಕಪ್ಪು ಕನ್ನಡಕ, ಬೆರಳಿಗೆ ಉಂಗುರ, ಕೈಯಲ್ಲಿ ಮೊಬೈಲು. "ಉಂಗುರ ತೆಗ್ದು ಕೂಡ್ರಿ ಧಣೇರ, ಡೀಸೆಲ್ ನಿಮ್ಮ ಬಂಗಾರದ ಮಾನ ಕಳೀತೈತಿ" ಎಂದ ಅಣ್ಣ. ಹುಡುಗ ತೊಳೆಯುತ್ತ ತೊಳೆಯುತ್ತ ಒಂದು ಕಡೆ ಕೈ ನಿಲ್ಲಿಸಿದ. ಲೈನರಿನ ತುಂಬ ಮರಳಿನ ಗೀರುಗಳು. ಗಾಳಿ ಸೋಸುವ ಫಿಲ್ಟರ್ ತೆಗೆದಿಟ್ಟು ಓಡಿಸಿದ್ದನ್ನು ತಾನೇ ಬಾಯಿಬಿಟ್ಟ. ಅಣ್ಣ, "ನಿಮ್ಮ ಮೂಗಿನ್ಯಾಗ ಒಂದ ಹಿಡಿ ಮಣ್ಣ ಹಾಕಿ ಉಸರಾಡ್ರಿ ಅಂದ್ರ ಆಡ್ತೀರೇನ್ರಿ?" ಎಂದ. ಅಷ್ಟು ಬೈಸಿಕೊಂಡ ಮೇಲೂ ಆ ಹುಡುಗ ಮುಂದೆ ನಾಲ್ಕು ಜನ ಗಿರಾಕಿಗಳನ್ನು ತಾನೇ ಕರೆತಂದ.

ನಾನು ಏಳನೇ ಇಯತ್ತೆಗೆ ಸಾಲಿ ಬಿಟ್ಟವನು. ಅವ್ವನ ಮಾತಿಗೆ ಅಣ್ಣ ನನ್ನನ್ನು ಶೆಡ್ಡಿಗೆ ಸೇರಿಸಿಕೊಂಡಿದ್ದ. ಒಂದು ಬೋಲ್ಟ್ ಬಿಗಿ ಮಾಡುವಾಗ ಹೆಚ್ಚು ತಿರುಗಿಸಿ ಮುರಿದೆ. ಗಿರಾಕಿಗಳ ಎದುರಿಗೇ, "ಇವು ಕೈ ಅಲ್ಲ, ಎಮ್ಮಿ ಕಾಲು. ಇವನ್ನ ತಗೊಂಡ ಸ್ಟೇರಿಂಗ್ ಹಿಡಿ ಹೋಗು, ಅದಕ್ಕ ಬುದ್ಧಿ ಬೇಕಾಗಿಲ್ಲ" ಎಂದು ಎಬ್ಬಿಸಿ ಕಳಿಸಿದ. ಅವತ್ತಿನಿಂದ ನನಗೆ ಅವನ ಮೇಲೆ ಒಂದು ತಾತ್ಸಾರ ಬೆಳೆಯಿತು. ಏನು ಮಹಾ ಮನುಷ್ಯ, ತಗಡಿನ ಕೆಳಗೆ ಕೂತು ಎಣ್ಣೆ ಬಡಿದುಕೊಳ್ಳುವವನು ಎಂದುಕೊಳ್ಳುತ್ತಿದ್ದೆ. ಡ್ರೈವರ್ ಆದೆ. ಮುಂದೆ ಒಂದು ಹಳೆ ಜೀಪು ಕೊಂಡು ಬಬಲೇಶ್ವರ, ವಿಜಯಪುರದ ನಡುವೆ ಮಂದಿಯನ್ನು ಹೇರತೊಡಗಿದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕುತ್ತಿದ್ದೆ. ಅವನ ಶೆಡ್ಡಿನ ಮುಂದೆ ಹೋಗುವಾಗ ಬೇಕೆಂದೇ ಹಾರ್ನ್ ಒತ್ತುತ್ತಿದ್ದೆ.

ಆ ಜೀಪಿನ ಎಂಜಿನ್ ಕಟ್ಟಿಕೊಟ್ಟವನೂ ಅವನೇ. ನಾನು ಕೇಳಿರಲಿಲ್ಲ. ಒಂದು ಮುಂಜಾನೆ ಬಂದು, "ಈ ಸದ್ದ ಕೇಳಾಕ ಆಗವಲ್ದು, ತಂದ ಬಿಡು" ಎಂದ. ಕಟ್ಟಿದ ಮೇಲೆ ಕೀಲಿ ಕೊಡುತ್ತ, "ನೀರ ನೋಡಿ ಹೊಡಿ. ಕಾವಿನ ಮುಳ್ಳು ಕೆಂಪಿಗೆ ಬಂತಂದ್ರ ನಿಂದರ್ಸು. ನಮ್ಮಪ್ಪನ ರಸ್ತೆದಾಗ ನಿಂತ ಕೈ ಮಾಡಿದ್ರೂ ಮೊದಲ ಎಂಜಿನ್ ಆರ್ಲಿ" ಎಂದ. ಅವನಿಂದ ನನಗೆ ಸಿಕ್ಕ ಅತಿ ದೊಡ್ಡ ಪ್ರೀತಿಯ ಮಾತು ಅದು ಎಂದು ಈಗ ಅನ್ನಿಸುತ್ತದೆ. ಆಗ, ಇವನು ಯಾವಾಗಲೂ ಬೈಯುವವನೇ ಎನ್ನಿಸಿತ್ತು.

ಮುಂದೊಂದು ಸಂತೆಯ ದಿನ ನಡೆದದ್ದು ಇಷ್ಟು. ರೇಡಿಯೇಟರಿನ ರಬ್ಬರ್ ಪೈಪು ಸೋರುತ್ತಿತ್ತು. ನನಗೆ ಗೊತ್ತಿತ್ತು. ಜೀಪಿನೊಳಗೆ, ಹಿಂದೆ, ಮೇಲೆ ಮಂದಿ ತುಂಬಿದ್ದರು. ನಿಲ್ಲಿಸಿದರೆ ಹಿಂದಿನ ಪಾಳಿಯ ಜೀಪಿಗೆ ಎಲ್ಲರೂ ಹತ್ತಿಬಿಡುತ್ತಾರೆ ಎಂದು ಓಡಿಸಿದೆ. ಮುಳ್ಳು ಕೆಂಪಿಗೆ ಬಂದು ನಿಂತಿತು. ಅದರ ಮೇಲೆ ಟವೆಲ್ ಇಳಿಬಿಟ್ಟೆ. ಊರು ಇನ್ನೂ ದೂರ ಇರುವಾಗಲೇ ಎಂಜಿನ್ ಒಂದು ಸಲ ಕಿರುಚಿ ಹಿಡಿದುಕೊಂಡಿತು. ಮತ್ತೆ ತಿರುಗಲಿಲ್ಲ.

ಬಬಲೇಶ್ವರಕ್ಕೆ ಎಳೆಸಿಕೊಂಡು ಹೋಗಬಹುದಾಗಿತ್ತು. ಹೋಗಿದ್ದರೆ ಪರಾತದ ಮುಂದೆ ಕೂರಬೇಕು. ನೀರಿಲ್ಲದೆ ಸುಟ್ಟ ಪಿಸ್ಟನ್ ನನ್ನ ಕೈಗೇ ಬರುತ್ತದೆ, ಸುತ್ತ ನಮ್ಮ ಸ್ಟ್ಯಾಂಡಿನ ಡ್ರೈವರ್‌ಗಳು ನಿಂತಿರುತ್ತಾರೆ, ಅಣ್ಣನ ಬಾಯಿ ತೆರೆದಿರುತ್ತದೆ. ನಾನು ಜೀಪನ್ನು ವಿಜಯಪುರಕ್ಕೆ ಎಳೆಸಿದೆ.

ಸಿದ್ಧೇಶ್ವರ ಗುಡಿಯ ಕಡೆಯ ಪೇಟೆಯಲ್ಲಿ ರೆಡಿ ಎಂಜಿನ್ ಮಾರುವವನೊಬ್ಬನಿದ್ದ. ಬೆಣ್ಣೆಯಂಥ ಮಾತು, ಎಣ್ಣೆ ತಾಗದ ಉಗುರು. "ಹಳೇದನ್ನ ಇಲ್ಲೇ ಬಿಡ್ರಿ ಸರ, ರೆಡಿ ಇದ್ದದ್ದು ಹಾಕ್ಕೊಂಡ ಹೋಗ್ರಿ. ಬಿಚ್ಚೂದು, ತೊಳಿಯೂದು, ವಾರಗಟ್ಟಲೆ ಕಾಯೂದು, ಆ ರಗಳೇನ ಇಲ್ಲ" ಎಂದ.

"ಹಳೇದನ್ನ ಬಿಚ್ಚಿ ನೋಡ್ತೀರೇನ್ರಿ?" ಎಂದು ಕೇಳಿದೆ.

"ಯಾಕ ನೋಡೂದ್ರಿ? ಸೀದಾ ಕರಗ್ಸಾಕ ಹೋಗ್ತೈತಿ."

ಆ ಮಾತು ಕೇಳಿ ನನ್ನ ಎದೆ ಹಗುರಾಯಿತು. ಅವನ ಎಂಜಿನ್ ಒಳ್ಳೆಯದೋ ಕೆಟ್ಟದ್ದೋ ನಾನು ಕೇಳಲೇ ಇಲ್ಲ. ಎಂಜಿನ್ ಕೊಳ್ಳಲು ಹೋದವನಲ್ಲ ನಾನು, ನನ್ನ ಹೊಲಸನ್ನು ಕರಗಿಸಲು ಹೋದವನು.

ಮರುದಿನ ಸ್ಟ್ಯಾಂಡಿನಲ್ಲಿ ಹಿರಿಯ ಡ್ರೈವರ್ ಬಸಣ್ಣ, "ಮನ್ಯಾಗ ಅಂಥಾ ಮಿಸ್ತ್ರಿ ಇಟ್ಕೊಂಡ ರೆಡಿ ಎಂಜಿನ್ ಯಾಕ ಹಾಕ್ಸಿದ್ಯೋ ಸಂಗಪ್ಪಾ?" ಎಂದು ಕೇಳಿದ. ಸುತ್ತ ಎಲ್ಲರೂ ಚಹಾದ ಗ್ಲಾಸು ಹಿಡಿದು ನಿಂತಿದ್ದರು. ನಾನು ಹೇಳಿದೆ: "ಅಂವಾ ಕಟ್ಟಿದ್ದ ಹೋತಲ್ಲಪಾ. ಲೈನರ್ ಬಿಗಿ ಕೂಡ್ಸಿದ್ನಂತ. ಅಂಗಡ್ಯಾಂವ ಹೇಳಿದ."

ಬಾಯಿಂದ ಬಂದಾಗ ಎಷ್ಟು ಸಣ್ಣ ಮಾತು. ಆದರೆ ಅಣ್ಣನಿಂದ ಬೈಸಿಕೊಂಡು, ಪರಾತದ ಮುಂದೆ ಕೂತು ಎದ್ದಿದ್ದ ಮಂದಿ ಇಂಥದ್ದೊಂದು ಮಾತಿಗೆ ಬಾಯಿ ತೆರೆದು ಕಾಯುತ್ತಿತ್ತು. ಸ್ವಂತ ತಮ್ಮನೇ ಹೇಳಿದ್ದಾನೆ, ಇನ್ನೇನು ಬೇಕು? ಒಂದು ವಾರದೊಳಗೆ ತಿಕೋಟಾ, ಘೋಣಸಗಿಯವರೆಗೂ ಅದು ಮುಟ್ಟಿತು. ಗುರಪ್ಪನ ಕೈ ಮೊದಲಿನಂಗಿಲ್ಲ, ಕಣ್ಣು ಮಂಜಾಗಿದೆಯಂತೆ ಎಂದು ತಾವೇ ಸೇರಿಸಿಕೊಂಡರು.

ಅಣ್ಣ ಸ್ಟ್ಯಾಂಡಿಗೆ ಬಂದ. ಎಣ್ಣೆಯ ಕೈಯಲ್ಲೇ ಬಂದಿದ್ದ.

"ಲೇ ಸಂಗ್ಯಾ, ಎಂಜಿನ್ ಎಲ್ಲೈತಿ?"

"ಕೊಟ್ನಿ."

"ಬಿಚ್ಚಿದಾಗ ನೀ ಇದ್ದೇನು?"

"ಇಲ್ಲ. ಅಂಗಡ್ಯಾಂವ ಬಿಚ್ಚಿ ನೋಡ್ಯಾನ. ಲೈನರ್ ಬಿಗಿ ಅಂದಾನ."

ಅವನು ನನ್ನ ಮುಖ ಬಿಟ್ಟು ಜೀಪಿನ ಬಾನೆಟ್ ಎತ್ತಿದ. ಜೀವನದಲ್ಲಿ ಮೊದಲ ಸಲ ಮಾಲೀಕನಿಗಿಂತ ಮುಂಚೆ ಎಂಜಿನ್ ನೋಡಿದ. ಅಂಗಡಿಯವನು ಹೊಸದಾಗಿ ಹಾಕಿಕೊಟ್ಟಿದ್ದ ರೇಡಿಯೇಟರ್ ಪೈಪು ಕರ್ರಗೆ ಹೊಳೆಯುತ್ತಿತ್ತು. ಅದನ್ನು ಎರಡು ಬೆರಳಲ್ಲಿ ಒತ್ತಿ, "ಪೈಪ್ ಹೊಸಾದ ಹಾಕ್ಸೀಯಲ್ಲೋ" ಎಂದ. ಸುತ್ತ ನಿಂತ ಯಾರಿಗೂ ಏನೂ ತಿಳಿಯಲಿಲ್ಲ. ನನಗೆ ತಿಳಿಯಿತು, ನನಗೆ ತಿಳಿದದ್ದು ಅವನಿಗೆ ತಿಳಿಯಿತು. ಅಲ್ಲೇ ಎಲ್ಲರಿಗೂ ಬಿಡಿಸಿ ಹೇಳಿದ್ದರೆ ನನ್ನ ಮಾನ ಹೋಗಿ ಅವನ ಹೆಸರು ಉಳಿಯುತ್ತಿತ್ತು. ಹೇಳಲಿಲ್ಲ. ಬಾನೆಟ್ ಇಳಿಸಿ, ಉಗುಳಿ, ನಡೆದುಹೋದ. ಆ ಮಂದಿಯ ಮುಂದೆ ತನ್ನ ಪರ ವಾದ ಮಾಡುವುದು ಅವನಿಗೆ ನನ್ನ ಸುಳ್ಳಿಗಿಂತ ಕೀಳಾಗಿ ಕಂಡಿರಬೇಕು.

ಶೆಡ್ಡಿಗೆ ಬರುವ ಗಾಡಿಗಳು ಕಡಿಮೆಯಾದವು. ಬಂದ ಒಬ್ಬಿಬ್ಬರೂ, "ತಮ್ಮನ ಗಾಡಿಗೆ ಮಾಡಿದಂಗ ಮಾಡಬ್ಯಾಡ್ರಿ ಮಿಸ್ತ್ರಿ" ಎಂದು ನಗುತ್ತ ಹೇಳುವಷ್ಟು ಧೈರ್ಯ ಮಾಡಿದರು. ಮೊದಲಾಗಿದ್ದರೆ ಬೋಲ್ಟ್ ಬಿಗಿಯುವ ಪಾನಾ ತಗೊಂಡು ಅಟ್ಟುತ್ತಿದ್ದ. ಈಗ ಸುಮ್ಮನೆ ಪರಾತ ದೂಡುತ್ತಿದ್ದ. ಅವರು ಎದ್ದು ಹೋಗಿಬಿಡುತ್ತಿದ್ದರು. ವೈನಿ, ಬೇರೆ ಇದ್ದ ನಮ್ಮ ಮನೆಗೆ ಬರುವುದನ್ನು ಬಿಟ್ಟಳು. ಹಾದಿಯಲ್ಲಿ ಸಿಕ್ಕಾಗ ಸೆರಗು ಸರಿಮಾಡಿಕೊಂಡು ಆಚೆ ಬದಿಯಿಂದ ಹೋಗುತ್ತಿದ್ದಳು.

ನನ್ನ ರೆಡಿ ಎಂಜಿನ್ ಬಹಳ ದಿನ ಬಾಳಲಿಲ್ಲ. ಎಣ್ಣೆ ಕುಡಿಯತೊಡಗಿತು, ಹಿಂದೆ ನೀಲಿ ಹೊಗೆ. ಅಂಗಡಿಯವನು, "ಅದು ಹಂಗರೀ ಸರ, ಇನ್ನೊಂದ ಹಾಕ್ಸ್ರಿ" ಎಂದ. ಆಗ ನಾನು ಜೀಪು ತಗೊಂಡು ಅಣ್ಣನ ಶೆಡ್ಡಿಗೆ ಹೋದೆ. ಅವನು ಹೊಟ್ಟೆಯ ಬೇನೆಯಿಂದ ಸೊರಗಿ ಶೆಡ್ಡಿನ ಹೊರಗೆ ಹೊರಸಿನ ಮೇಲೆ ಮಲಗಿದ್ದ. ನಾನು ಒಳಗೆ ಹೋಗಿ ಪರಾತ ಎಳೆದು ತಂದೆ, ಡೀಸೆಲ್ ಸುರಿದೆ, ಬಿಳಿ ಅಂಗಿಯ ತೋಳು ಮಡಚಿ ಕೂತೆ.

"ಬಿಚ್ಚಣ್ಣಾ. ನಾ ತೊಳೀತೇನಿ."

ಹೊರಳಿ ನನ್ನನ್ನು ನೋಡಿದ, ಚಪ್ಪಲಿಯಿಂದ ನೆತ್ತಿಯವರೆಗೆ.

"ಇದನ್ನ ಕಟ್ಟಿದಾಂವಾ ಯಾರು?"

"ಗೊತ್ತಿಲ್ಲಣ್ಣಾ."

"ಕೆಡಿಸಿದಾಂವಾ?"

"ಅದೂ ಗೊತ್ತಿಲ್ಲ."

"ಕಟ್ಟಿದಾಂವಾ ಗೊತ್ತಿಲ್ಲ, ಕೆಡಿಸಿದಾಂವಾ ಗೊತ್ತಿಲ್ಲ, ಮತ್ತೇನ್ ತೊಳೀತೀಲೇ? ನೀ ತೊಳೀಬೇಕಾದ್ದು ಕರಗಿ ಹೋತು. ಡೀಸೆಲ್ ಹಾಳ ಮಾಡಬ್ಯಾಡ, ಡಬ್ಬಿಗೆ ಸುರಿ."

ಶೆಡ್ಡಿನ ತಗಡಿನ ಕಡೆ ತಿರುಗಿ ಮಲಗಿದ. ನಾನು ಡೀಸೆಲ್ಲನ್ನು ಡಬ್ಬಿಗೆ ಸುರಿದು, ಪರಾತ ಒರೆಸಿ ಇಟ್ಟು ಬಂದೆ. ಆ ಚಳಿಗಾಲ ಮುಗಿಯುವುದರೊಳಗೆ ಅವನು ಹೋದ. ಶೆಡ್ಡಿನ ತಗಡು ಬಿಚ್ಚಿದರು. ಈಗ ಅಲ್ಲಿ ಮೊಬೈಲ್ ಕವರ್ ಮಾರುತ್ತಾರೆ.

ಮೊನ್ನೆ ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ಅಣ್ಣನ ಮಾತು ಬಂತು. ಬಸಣ್ಣ, "ಗುರಪ್ಪ ಮಿಸ್ತ್ರಿ ಬಾಯಿ ಅಷ್ಟ ದೊಡ್ಡದು ಬಿಡ್ರಿ. ಸ್ವಂತ ತಮ್ಮನ ಎಂಜಿನ್ನ ನೆಟ್ಟಗ ಕಟ್ಟಾಕ ಬರ್ಲಿಲ್ಲ" ಎಂದ. ಇಷ್ಟು ದಿನ ಇಂಥ ಮಾತಿಗೆ ಚಹಾ ಬಿಟ್ಟು ಎದ್ದು ಹೋಗುತ್ತಿದ್ದೆ. ಅವತ್ತು ಗ್ಲಾಸು ಕೆಳಗಿಟ್ಟು ಹೇಳಿದೆ: "ಅಂವಾ ನೆಟ್ಟಗ ಕಟ್ಟಿದ್ದ. ಪೈಪ್ ಸೋರತಿತ್ತು. ನೀರಿಲ್ದ ಓಡಿಸಿ ಸುಟ್ಟಾಂವಾ ನಾನು. ಲೈನರ್ ಮಾತು ಸುಳ್ಳು."

ಬಸಣ್ಣ ನನ್ನನ್ನೇ ನೋಡಿದ. ಅವನ ಮುಖ ಮೆತ್ತಗಾಯಿತು.

"ನೋಡ್ರಿ, ಹೋದಾಂವನ ತಪ್ಪ ತನ್ನ ತಲಿ ಮ್ಯಾಲ ಹಾಕ್ಕೊಳ್ಳಾಕತ್ತಾನ" ಎಂದ ಉಳಿದವರಿಗೆ. "ತಮ್ಮ ಅಂದ್ರ ಹಿಂಗಿರ್ಬೇಕು."

"ಹಂಗಲ್ಲೋ ಬಸಣ್ಣಾ, ಖರೇನ ಹೇಳಾಕತ್ತೇನಿ. ಮುಳ್ಳ ಕಾಣಬಾರ್ದಂತ ಟವೆಲ್ ಮುಚ್ಚಿದ್ದೆ."

"ಆತ ಬಿಡಪಾ, ಆತು" ಎಂದು ಬಸಣ್ಣ ನನ್ನ ಬೆನ್ನು ತಟ್ಟಿದ. ಅಂಗಡಿಯವನು ಕೇಳದೆಯೇ ನನ್ನ ಗ್ಲಾಸಿಗೆ ಇನ್ನಷ್ಟು ಚಹಾ ಸುರಿದ.