ತಿಂಗಳ ಮೇಲೆ ಇದೀವಿ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಇವತ್ತು ಬೆಳಿಗ್ಗೆ, ಗುಬ್ಬಿಯಲ್ಲಿ, ಬೀಗರ ಮನೆಯಲ್ಲಿ. ಓದಿದ್ದು ಮೂರನೇ ಕ್ಲಾಸು, ಅಕ್ಷರ ಸೊಟ್ಟ, ಆದರೂ ಬರೆಯದೆ ಇರಲಾರೆ. ಇದೇ ವಾರ ಮನುಷ್ಯರು ಚಂದ್ರನ ಮೇಲೆ ಓಡಾಡಿದರು ನೋಡಿ, ಆ ಸುದ್ದಿ ಕೇಳಿದಾಗಿನಿಂದ ಏಳು ವರ್ಷದ ಹಿಂದಿನ ಒಂದು ಸಂಜೆ ನನ್ನನ್ನು ಬಿಡುತ್ತಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ದೆವ್ವ, ಶಕುನ ಅಂದರೆ ನಗುತ್ತಿದ್ದವಳು ನಾನು.

ಆಗ ಗಡಿಯಲ್ಲಿ ಯುದ್ಧ. ನನ್ನ ಒಬ್ಬನೇ ಮಗ ರಾಜಣ್ಣ ಹಿಮದ ಬೆಟ್ಟದಲ್ಲಿ ಸಿಪಾಯಿ. "ಇಲ್ಲಿ ಗಾಳಿ ಸಾಲಲ್ಲ ಕಣವ್ವ, ನಾಲ್ಕು ಹೆಜ್ಜೆಗೆ ಉಸಿರು ಕಟ್ತದೆ" ಅಂತ ಬರೆದವನು ಆಮೇಲೆ ಕಾಗದವನ್ನೇ ಹಾಕಲಿಲ್ಲ. ಮಾರ್ಕೋನಹಳ್ಳಿ ನಾಲೆ ಪಕ್ಕದ ನಮ್ಮೂರಿಗೆಲ್ಲ ಇದ್ದದ್ದು ಒಂದೇ ರೇಡಿಯೋ, ಪಂಚಾಯ್ತಿಯದು. ಯುದ್ಧದ ಸುದ್ದಿಗಾಗಿ ದಿನಾ ಸಂಜೆ ಅದರ ಮುಂದೆ ಕೂರುತ್ತಿದ್ದೆ.

ಅವತ್ತು ರೈತರ ಕಾರ್ಯಕ್ರಮದ ನಡುವೆ ಗೊರಗೊರ ಅಂದು ಒಂದು ಗಂಡು ದನಿ ಬಂತು. ನಮ್ಮ ಕಡೆಯ ಮಾತೇ.

"ನಾವು ತಿಂಗಳ ಮೇಲೆ ಇದೀವಿ. ಹದ್ನೆಂಟು ಜನ ಸಿಪಾಯಿಗಳು. ಗಣಿ ಕೆಲ್ಸದೋರು ಎದುರು ಮಾತಾಡಿದ್ರು ಅಂತ ಅವ್ರ ಗಾಳಿ ನಿಲ್ಸಿ ಅಂದ್ರು ದೊಡ್ಡ ಸಾಹೇಬ್ರು. ಅಲ್ಲಿ ಹೆಂಗಸ್ರು ಮಕ್ಳೂ ಅವ್ರೆ. ನಾವು ಆಗಲ್ಲ ಅಂದ್ಬುಟ್ವಿ. ಗಾಳಿ ಮನೆ ಬಾಗ್ಲಿಗೆ ಅಡ್ಡ ನಿಂತಿದೀವಿ. ನಮ್ಮನ್ನ ಹೊಡೆಯಕ್ಕೆ ಬೇರೆ ಪಡೆ ಬತ್ತಾ ಐತೆ. ಯಾರಾದ್ರೂ ಕೇಳ್ತಾ ಇದೀರಾ?"

ತಿಂಗಳ ಮೇಲೆ! ರಾಜಣ್ಣನ ಕಾಗದ ನಿಂತು ತಿಂಗಳ ಮೇಲಾಗಿತ್ತು. ಜೊತೆಗೆ ಆ ಗಾಳಿಯ ಮಾತು. ಇವನು ನನ್ನ ಮಗನೇ ಅಂದುಕೊಂಡು, "ಕೇಳ್ತಾ ಇದೀನಿ ಕಣೋ ಮಗ!" ಎಂದು ಕೂಗಿಬಿಟ್ಟೆ.

ರೇಡಿಯೋ ನೋಡಿಕೊಳ್ಳುವ ಚನ್ನಪ್ಪ ಬಿದ್ದುಬಿದ್ದು ನಕ್ಕ. "ಅಕ್ಕೋ, ಅದು ನಾಟ್ಕ! ನೀನು ಕಿರುಚ್ಕೊಂಡ್ರೆ ಅವ್ರಿಗೆ ಕೇಳ್ತದಾ?"

"ಕೇಳ್ತು ಕಣವ್ವ" ಅಂದಿತು ದನಿ.

ಚನ್ನಪ್ಪನ ನಗು ನಿಂತುಹೋಯಿತು. ರೇಡಿಯೋದಲ್ಲಿ ಮತ್ತೆ ರಾಗಿ ಕೊಯ್ಲಿನ ಮಾತು ಶುರುವಾಯಿತು.

ಆರ್ಡರ್ ಮೀರಿದ ಸಿಪಾಯಿಗೆ ಗುಂಡು ಹೊಡೆಯುತ್ತಾರೆ ಅಂತ ಕೇಳಿದ್ದೆ. ಹನ್ನೆರಡು ದಿನ ಅಂಚೆಯವನ ದಾರಿ ಕಾದೆ. ಹದಿಮೂರನೇ ದಿನ ರಾಜಣ್ಣನ ಕಾಗದ ಬಂತು, ಕ್ಷೇಮ! ರಜೆಗೆ ಬಂದಾಗ ಕೇಳಿದರೆ, "ಬೆಟ್ಟದಾಗೆ ಯಾವ ಗಣಿಯವ್ವ? ನಾನು ರೇಡಿಯೋ ಮುಟ್ಟೇ ಇಲ್ಲ" ಎಂದು ನಕ್ಕ. ಪಕ್ಕದ ಊರಿನ ರೇಡಿಯೋದಲ್ಲಿ ಅವತ್ತು ಬರೀ ರಾಗಿಯ ಮಾತೇ ಬಂದಿತ್ತಂತೆ.

ಮೊನ್ನೆ ಗುಬ್ಬಿಗೆ ಬರುವಾಗ ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ಹೂ ಮಾರುವವಳು ಇನ್ನೊಬ್ಬಳಿಗೆ, "ತಿಂಗಳ ಮೇಲೆ ಇಳಿದ್ರಂತೆ ಕಣೇ!" ಅಂದಳು. ಗಂಟು ಕೆಳಗಿಟ್ಟು ಆಕಾಶ ನೋಡಿದೆ. ತಿಂಗಳು ಅಂದರೆ ಮೂವತ್ತು ದಿನ ಅಂದುಕೊಂಡಿದ್ದೆನಲ್ಲ, ಆಕಾಶದ ತಿಂಗಳನ್ನು ಮರೆತೇಬಿಟ್ಟಿದ್ದೆ! ಆದರೆ ಮೊದಲ ಸಲ ಮನುಷ್ಯರು ಇಳಿದದ್ದೇ ಈಗ. ಏಳು ವರ್ಷದ ಹಿಂದೆ ಅಲ್ಲಿ ಹದಿನೆಂಟು ಜನ ಹೇಗೆ? ನಮ್ಮ ಮಾತು ಹೇಗೆ? ನನಗೆ ತಿಳಿಯದು.

ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಬಾಣಂತಿ ಸೊಸೆ ಕೋಣೆಯೊಳಗೆ, ಹೊಸ್ತಿಲ ಹತ್ತಿರವೇ. ಇದನ್ನು ಹೇಳಿದೆ. ರಜೆಗೆ ಬಂದಿದ್ದ ರಾಜಣ್ಣ ಈ ಸಲ ನಗಲಿಲ್ಲ.

"ಆಮೇಲೆ ಅವ್ರಿಗೆ ಏನಾಯ್ತವ್ವ?"

"ಗೊತ್ತಿಲ್ಲ ಕಣಪ್ಪ."

"ಗಾಳಿ ನಿಂತಿರಲ್ಲ ಬುಡಿ ಅತ್ತೆ" ಎಂದಳು ಸೊಸೆ ಒಳಗಿನಿಂದ. "ಅಷ್ಟು ಜನ ಅಡ್ಡ ನಿಂತಿದ್ರಲ್ಲ."

ಬೀಗರು ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿ ಕೇಳುತ್ತಿದ್ದರು. ಬೀಗಿತ್ತಿ "ಆರೋಗ್ತದೆ, ಉಣ್ಣಿ" ಎಂದು ಎಲ್ಲರ ತಟ್ಟೆಗೂ ಬಿಸಿ ಸಾರು ಬಿಟ್ಟರು. ಉಂಡೆವು.