ತಳವಾರನ ಹೆಜ್ಜೆ

ಆಗ ನನಗೆ ಐವತ್ತೆರಡು. ಇದಾಗಿ ಇಪ್ಪತ್ತು ವರ್ಷವಾಯಿತು. ಅಲ್ಲಿಯವರೆಗೆ ದೆವ್ವ ಕಂಡೆ ಎಂದವರಿಗೆಲ್ಲ, ಹೊಟ್ಟೆ ತುಂಬ ಉಂಡು ಮಲಗು ಎನ್ನುತ್ತಿದ್ದೆ.

ನಮ್ಮೂರು ಕಟಕೋಳದ ಹತ್ತಿರ. ಒಂದು ಮಧ್ಯಾಹ್ನ ಹೊಲದಲ್ಲಿ ಕಟ್ಟಿದ್ದ ನನ್ನ ಎಮ್ಮೆ ಕಳುವಾಯಿತು. ನಮ್ಮ ಮನೆ ನಡೆಯುತ್ತಿದ್ದದ್ದೇ ಅದರ ಹಾಲಿನ ಮೇಲೆ. ಪೊಲೀಸರ ಹತ್ತಿರ ಓಡಿದೆ.

“ಗುರುತೇನಬೇ?” ಎಂದ ಹವಾಲ್ದಾರ.

“ಕರೀದೈತ್ರಿ.”

“ಎಲ್ಲಾ ಎಮ್ಮೀನೂ ಕರೀವ ಇರತಾವ.”

“ನಂದು ನನ್ನ ನೋಡಿದರ ಒದರತೈತ್ರಿ.”

ನಕ್ಕು, ನಾಳೆ ಬರುತ್ತೇನೆ ಎಂದ. ನಾಳೆಯ ಹೊತ್ತಿಗೆ ಎಮ್ಮೆ ಯಾವ ಸಂತೆ ಸೇರಿರುತ್ತಿತ್ತೋ!

ಹೊಲಕ್ಕೆ ಮರಳಿದರೆ ಗೂಟದ ಹತ್ತಿರ ಒಬ್ಬ ಮುದುಕ ಕೂತಿದ್ದ. ಹೆಗಲಿಗೆ ಕಂಬಳಿ, ಕೈಯಲ್ಲಿ ಕೋಲು.

“ಅಳಬ್ಯಾಡ ತಂಗಿ. ನಿನ್ನ ಸಗಣಿ ಬುಟ್ಟಿ ಕೊಡು.”

“ಅಳಾಕ ಯಾರು ಹತ್ಯಾರ? ಯಾರಜ್ಜಾ ನೀ?”

“ಈ ಊರ ತಳವಾರ.”

ಹಿಂದಿನ ರಾತ್ರಿ ಮಳೆಯಾಗಿ ಎರೆಮಣ್ಣು ಹಸಿಯಿತ್ತು. ಕಳ್ಳನ ಹೆಜ್ಜೆಯೊಂದು ಅಳಿಸಿಹೋಗದಂತೆ ಅದರ ಮೇಲೆ ಬುಟ್ಟಿ ಬೋರಲು ಹಾಕಿಸಿದ. ರಾಮದುರ್ಗ ಸಂಸ್ಥಾನದ ಕಾಲದಲ್ಲಿ ಊರು ಕಾಯುವ ತಳವಾರ ಹೀಗೇ ಕಳ್ಳನ ಹೆಜ್ಜೆ ಹಿಡಿದು ಊರ ಸೀಮೆಯವರೆಗೆ ಹೋಗುತ್ತಿದ್ದನಂತೆ. ಅಲ್ಲಿಂದ ಮುಂದಿನದು ಆಚೆ ಊರಿನ ತಳವಾರನ ಪಾಲು. ಅತ್ತೆ ಹೇಳುತ್ತಿದ್ದಳು. ಆ ಪದ್ಧತಿ ಹೋಗಿ ಎಷ್ಟು ಕಾಲವಾಯಿತೋ. ಮುದುಕನಿಗೆ ಅರುಳುಮರುಳು ಎಂದುಕೊಂಡೆ. ಆದರೂ ಬೇರೆ ದಾರಿಯಿಲ್ಲದೆ ಹಿಂದೆ ನಡೆದೆ.

ಸೀಮೆಗಲ್ಲಿನ ಹತ್ತಿರ ಅವನು ನಿಂತೇಬಿಟ್ಟ. “ನನ್ನ ಹದ್ದು ಮುಗೀತು.”

“ಇನ್ನ ನಾಕ ಹೆಜ್ಜಿ ಬಂದರ ಕಾಲು ಸವೀತಾವೇನು?”

“ಕಾಯ್ದೆ ಅಂದರ ಕಾಯ್ದೆ,” ಎಂದವನೇ ಆಚೆಯ ಜೋಳದ ಹೊಲದತ್ತ ಕೂಗಿದ, “ಏ, ಹೆಜ್ಜಿ ಬಂದೈತಿ, ತಗೋ!”

“ತಗೊಂಡೇನಿ!” ಎಂದಿತು ಜೋಳದೊಳಗಿಂದ ಒಂದು ದನಿ.

ನುಗ್ಗಿ ನೋಡಿದೆ. ಮನುಷ್ಯರ ಸುಳಿವಿಲ್ಲ. ಆ ಹೊಲದಾಚೆ, ಹಳ್ಳದ ಜಾಲಿಗಿಡಕ್ಕೆ ಕಟ್ಟಿದ್ದ ನನ್ನ ಎಮ್ಮೆ ನನ್ನನ್ನು ಕಂಡು ಒದರಿತು. ಎಮ್ಮೆ ಹೊಡೆದುಕೊಂಡು ಸೀಮೆಗಲ್ಲಿಗೆ ಬಂದರೆ ಮುದುಕನೂ ಇಲ್ಲ.

ಅಂಥ ಮುದುಕ ನಮ್ಮೂರಲ್ಲಿ ಇಲ್ಲವೇ ಇಲ್ಲ ಎಂದರು ಊರವರು. ಬಿಸಿಲಿಗೆ ನಿನಗೆ ತಲೆ ತಿರುಗಿದೆ ಎಂದರು. ಇರಲಿ, ಬಿಸಿಲು ಎಮ್ಮೆ ಹುಡುಕಿಕೊಡುತ್ತದೆಯೇ? ನನಗಂತೂ ಇಂದಿಗೂ ಬಗೆಹರಿದಿಲ್ಲ.

ಮರುದಿನ ಬೆಳಿಗ್ಗೆ ಹೋಗಿ ಬುಟ್ಟಿ ಎತ್ತಿದೆ. ಕಳ್ಳನ ಹೆಜ್ಜೆ ಹಾಗೇ ಇತ್ತು. ಅಲ್ಲಿಂದ ಸೀಮೆಯವರೆಗೂ ನೋಡುತ್ತ ನಡೆದೆ. ಎಮ್ಮೆಯದಿತ್ತು, ಕಳ್ಳನದಿತ್ತು, ನನ್ನದಿತ್ತು. ಮುದುಕನದು ಒಂದೂ ಇಲ್ಲ. ಕೋಲು ಊರಿದ ಗುರುತೂ ಇಲ್ಲ.

ಮನೆಗೆ ಬರುವಷ್ಟರಲ್ಲಿ ಹವಾಲ್ದಾರ ಬಂದು ನಿಂತಿದ್ದ. “ಯಾರಬೇ ಹುಡುಕಿಕೊಟ್ಟವರು?”

“ನಿಮ್ಮಂಗ ಊರು ಕಾಯೋ ಕೆಲಸದವರರೀ, ಭಾಳ ಹಳಬರು,” ಎಂದು, ಅದೇ ಬುಟ್ಟಿ ಹಿಡಿದು ಸಗಣಿ ಬಾಚಲು ಹೋದೆ.